ತಂತಿಗೆ ಹೇಳಿದ ಸುಳ್ಳು

೧೯೬೪ರ ಶ್ರಾವಣದ ಒಂದು ಸೋಮವಾರ ಇಚಲಕರಂಜಿಯ ನೂಲಿನ ವ್ಯಾಪಾರಿಯೊಬ್ಬರು ಕೊಲ್ಹಾಪುರದ ಟ್ರಂಕ್ ಟೆಲಿಫೋನ್ ಕಚೇರಿಗೆ ಹೋಗಿ, ಕರೆಯ ದುಡ್ಡು ಉಳಿಸುವುದಕ್ಕಾಗಿ ತಾವು ವರ್ಷಗಟ್ಟಲೆ ಸುಳ್ಳು ಹೇಳಿರುವುದಾಗಿ ಅಲ್ಲಿನ ಸಾಹೇಬರ ಮುಂದೆ ಒಪ್ಪಿಕೊಂಡರು. ಸಾಹೇಬರು ನಂಬಲಿಲ್ಲ.

ಆ ವ್ಯಾಪಾರಿ ನಮ್ಮ ಕಾಕಾ. ಸುಳ್ಳು ಹೇಳಿದಾಗಲೆಲ್ಲ ತಲೆಯಾಡಿಸಿ ನಂಬಿದ ಕಚೇರಿ, ನಿಜ ಹೇಳುವುದಕ್ಕೆಂದೇ ಉಪವಾಸದ ದಿನ ಬಸ್ಸು ಹತ್ತಿ ಬಂದ ಮನುಷ್ಯನನ್ನು ನಂಬಲಿಲ್ಲವೆಂದರೆ ಏನೆನ್ನೋಣ! ಕಚೇರಿಯ ದೋಷವೆನ್ನೋಣವೇ, ಕಾಕಾರ ಪ್ರತಿಭೆಯೆನ್ನೋಣವೇ?

ನಾನು ಆಗ ಕೊಲ್ಹಾಪುರದ ಒಂದು ದಿನಪತ್ರಿಕೆಯಲ್ಲಿ ಕೆಲಸಕ್ಕಿದ್ದೆ. ಮುಖ್ಯ ಸಂಗತಿಯನ್ನು ಕೊನೆಯವರೆಗೆ ಮುಚ್ಚಿಡುವುದು ನಮ್ಮ ಕಸುಬಿನಲ್ಲಿ ಅಪರಾಧ. ಆದ್ದರಿಂದ ಅದನ್ನು ಈಗಲೇ ಹೇಳಿಬಿಡುತ್ತೇನೆ. ಕಾಕಾರ ಸುಳ್ಳುಗಳಿಂದಾಗಿ ಒಬ್ಬ ಹುಡುಗಿಯ ನೌಕರಿ ಹೋಗುವುದರಲ್ಲಿತ್ತು. ಕೊಲ್ಹಾಪುರದ ಟ್ರಂಕ್ ಕಚೇರಿಯಲ್ಲಿ ಊರಿಂದೂರಿಗೆ ತಂತಿ ಜೋಡಿಸುತ್ತಿದ್ದವಳು ಅವಳು. ಇನ್ನೂ ಕಾಯಂ ಆಗಿರಲಿಲ್ಲ. ತಾಯಿಯನ್ನೂ ಶಾಲೆಗೆ ಹೋಗುವ ತಮ್ಮನನ್ನೂ ಆ ಸಂಬಳದಲ್ಲೇ ಸಾಕುತ್ತಿದ್ದಳು. ಕಾಕಾರಿಗೆ ಅವಳ ಹೆಸರು ಗೊತ್ತಿರಲಿಲ್ಲ, ಮುಖ ಗೊತ್ತಿರಲಿಲ್ಲ. ದನಿಯಷ್ಟೇ ಗೊತ್ತು. ಮರಾಠಿ ಹೆಣ್ಣುಮಕ್ಕಳನ್ನು ಮರ್ಯಾದೆಯಿಂದ ಕರೆಯುವ ಹಾಗೆ ‘ಟ್ರಂಕಿನ ಬಾಯಿ’ ಎನ್ನುತ್ತಿದ್ದರು.

ಹಾಗಾದರೆ ಕಾಕಾ ಸುಳ್ಳುಗಾರರೇ? ಇಚಲಕರಂಜಿಯ ಪೇಟೆಯಲ್ಲಿ ಈ ಪ್ರಶ್ನೆ ಕೇಳಿದರೆ ನಿಮ್ಮನ್ನು ಹೊಡೆಯದೆ ಬಿಟ್ಟರೆ ಪುಣ್ಯ. ಮಳೆಗಾಲದಲ್ಲಿ ನೂಲು ಗಾಳಿಯ ತೇವ ಎಳೆದುಕೊಂಡು ತೂಕ ಹೆಚ್ಚಿಸಿಕೊಳ್ಳುತ್ತದೆ. ವ್ಯಾಪಾರಿಗಳಿಗೆ ಅದು ಸುಗ್ಗಿ. ಕಾಕಾ ಮಾತ್ರ ತಕ್ಕಡಿಯ ಮೇಲೆ ನೂಲಿನ ಇನ್ನೊಂದು ಲಡಿ ಹೆಚ್ಚಿಗೆ ಎಸೆಯುತ್ತಿದ್ದರು.

“ತೂಕ ಬರೋಬ್ಬರಿ ಆಗೇತ್ರಿ ಶೇಟ್, ಸಾಕು” ಎಂದು ಕಬನೂರಿನ ನೇಕಾರನೇ ಸಂಕೋಚಪಡುತ್ತಿದ್ದ.

“ತೂಕ ಆಗೇತೋ ಮಾರಾಯಾ, ಖರೆ. ಆದರ ಅದರಾಗ ಮಳೀನೂ ಕುಂತೈತಿ. ನಾ ನೂಲು ಮಾರಾವ. ಮಳಿ ಮಾರಾವ ಅಲ್ಲ.”

ಇಂಥ ಮನುಷ್ಯ ಟೆಲಿಫೋನಿನ ಮುಂದೆ ನಿಂತರೆ ಬೇರೆಯೇ ಆಗಿಬಿಡುತ್ತಿದ್ದರು. ಐವತ್ತರ ದಶಕ ಮುಗಿಯುವ ಹೊತ್ತಿಗೆ ಅವರ ಮನೆಗೆ ಫೋನು ಬಂತು. ಕಾಕಿ ಅದಕ್ಕೆ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ಕಸೂತಿಯ ಹೊದಿಕೆ ಹೊದಿಸಿದರು. ನೂಲಿನ ಜೊತೆಗೆ ಕಾಕಾ ಕರೆಂಟಿನ ಮಗ್ಗ ಇಟ್ಟು ಸೀರೆಯನ್ನೂ ನೇಯಿಸುತ್ತಿದ್ದರು. ಅವರು ಮಾತಾಡಬೇಕಾದದ್ದೆಲ್ಲ ಗಡಹಿಂಗ್ಲಜದಲ್ಲಿ ಸೀರೆಯಂಗಡಿ ಇಟ್ಟಿದ್ದ ನಮ್ಮ ಅಪ್ಪನ ಜೊತೆಗೆ. ಅಪ್ಪ ಅವರಿಗೆ ಅಣ್ಣ. ಅಣ್ಣನೆದುರು ಕುಳಿತು ಮಾತಾಡುವುದುಂಟೇ? ಕಾಕಾ ಚಪ್ಪಲಿ ಬಿಟ್ಟು, ಟೋಪಿ ಸರಿಮಾಡಿಕೊಂಡು, ನಿಂತೇ ಮಾತಾಡುತ್ತಿದ್ದರು. ಹೊಸ ಸೀರೆಯ ಅಂಚನ್ನು ಫೋನಿನ ಬಾಯಿಗೆ ಹಿಡಿದು, “ಹೆಂಗೈತಿ ನೋಡಣ್ಣಾ ಬಣ್ಣ?” ಎಂದು ಕೇಳಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅತ್ತಲಿಂದ ಅಪ್ಪ, “ಭಾಳ ಗಾಢ ಆತು” ಎಂದದ್ದನ್ನು ಕಿವಿಯಾರೆ ಕೇಳಿದ್ದೇನೆ!

ಬಿಲ್ಲು ಬಂದ ದಿನ ಕಾಕಾ ಊಟ ಬಿಟ್ಟರು. “ಮಾತು ನಂದು, ಉಸಿರು ನಂದು, ಕೇಳಾವ ನಮ್ಮಣ್ಣ. ನಡುವ ಇವರದೇನ ಖರ್ಚಾತು?”

ಆಗ ಟ್ರಂಕ್ ಕರೆಯಲ್ಲಿ ಒಂದು ಅನುಕೂಲವಿತ್ತು. ಇಂಥವರೇ ಬೇಕೆಂದು ಹೆಸರು ಹೇಳಿ ಕರೆ ಬುಕ್ ಮಾಡಬಹುದು. ಆ ಮನುಷ್ಯ ಸಿಗದಿದ್ದರೆ ಪೂರ್ತಿ ದುಡ್ಡಿಲ್ಲ, ಚಿಲ್ಲರೆ ಕೊಟ್ಟರಾಯಿತು. ಅಣ್ಣತಮ್ಮ ಕೂಡಿ ಇಲ್ಲದ ಮನುಷ್ಯರ ಒಂದು ಸಂಸಾರವನ್ನೇ ಸೃಷ್ಟಿಸಿದರು. ಕಾಕಾ ‘ಚನಮಲ್ಲಪ್ಪ’ನನ್ನು ಕೇಳಿದರೆ ಮಾಲು ಲಾರಿಗೆ ಬಿದ್ದಿದೆ ಎಂದರ್ಥ. ‘ಬಾಳಗೌಡ’ನನ್ನು ಕೇಳಿದರೆ ಮಾಲು ಇನ್ನೂ ಸಿದ್ಧವಿಲ್ಲ. ಯಾರನ್ನು ಕೇಳಿದರೂ ಅಪ್ಪನದು ಒಂದೇ ಉತ್ತರ: “ಅವರು ಅಕಿವಾಟಕ್ಕ ಹೋಗ್ಯಾರ್ರಿ.” ಸುದ್ದಿ ಮುಟ್ಟಿತು, ದುಡ್ಡು ಉಳಿಯಿತು, ಅಕಿವಾಟದಲ್ಲಿ ಜನಸಂಖ್ಯೆ ಬೆಳೆಯಿತು.

ಒಂದು ದಿನ ಮಾಲು ಸಿದ್ಧವಿರಲಿಲ್ಲ. ಕಾಕಾ ಬಾಳಗೌಡನನ್ನು ಕೇಳಿದರು. ಗಡಹಿಂಗ್ಲಜದ ಅಂಗಡಿಯಲ್ಲಿ ಅಪ್ಪ ಫೋನೆತ್ತಿ ರೂಢಿಯಂತೆ ಗಟ್ಟಿಯಾಗಿ, “ಬಾಳಗೌಡರೇನ್ರಿ? ಅವರು ಅಕಿವಾಟಕ್ಕ...” ಎನ್ನುವಷ್ಟರಲ್ಲಿ, ಮಗಳ ಮದುವೆಗೆ ಸೀರೆ ಆರಿಸುತ್ತ ಕುಳಿತಿದ್ದ ರೈತನೊಬ್ಬ ಎದ್ದು ನಿಂತ.

“ಯಾಕ್ರಿ ಅಣ್ಣಾರ, ನಾ ಇಲ್ಲೇ ಅದೇನಲ್ಲ! ನನಗ್ಯಾರು ಫೋನ್ ಹಚ್ಯಾರ?”

ನಿಜವಾದ ಬಾಳಗೌಡ! ಫೋನು ಕಸಿದುಕೊಂಡು ಕಿವಿಗಿಟ್ಟ. “ಯಾರ್ರಿ ಅದು?”

ಇತ್ತ ಕಾಕಾರಿಗೆ ಬೆವರು. “ನಾನ್ರಿ... ಇಚಲಕರಂಜಿ.”

“ಇಚಲಕರಂಜಿ ಊರಿಗೆ ಊರೇ ಮಾತಾಡಾಕತ್ತೈತೇನು? ಹೆಸರ ಹೇಳ್ರಿ!”

ಆ ಮನುಷ್ಯ ಹುಟ್ಟಿದಂದಿನಿಂದ ಫೋನು ಮುಟ್ಟಿರಲಿಲ್ಲ. ಮುಟ್ಟಿದ ಮೇಲೆ ಬಿಡುತ್ತಾನೆಯೇ? ಮಳೆ, ಶೇಂಗಾ, ಎತ್ತಿನ ಕಾಲುನೋವು, ಬೀಗರ ಸ್ವಭಾವ, ಎಲ್ಲ ಹೇಳಿದ. ಎದುರಿನವರ ಮಾತು ನಡುವೆ ಕತ್ತರಿಸುವುದು ಕಾಕಾರ ಸಂಸ್ಕಾರದಲ್ಲಿರಲಿಲ್ಲ. ಕೊನೆಗೆ ಬಾಳಗೌಡ, “ಮದಿವಿಗಿ ತಪ್ಪದ ಬರಬೇಕ್ರಿ ಮತ್ತ” ಎಂದ. ಕಾಕಾ, “ಬರ್ತೇನ್ರಿ” ಎಂದರು. ಅಂದ ಮೇಲೆ ಮುಗಿಯಿತು. ಕಾಕಾ ಮಾತು ಕೊಟ್ಟರೆ ಕೊಟ್ಟಂತೆಯೇ. ಕಾಕಿಯನ್ನು ಕರೆದುಕೊಂಡು ಮದುವೆಗೆ ಹೋಗಿ, ಮದುಮಗಳಿಗೆ ಒಂದು ಸೀರೆ ಉಡುಗೊರೆ ಕೊಟ್ಟು, ಹೋಳಿಗೆ ಉಂಡು ಬಂದರು.

ಹಿಂತಿರುಗುವಾಗ ಬಸ್ಸಿನಲ್ಲಿ ಕಾಕಿ ಹೇಳಿದ್ದಿಷ್ಟು: “ಒಂದ ಫೋನ್ ಉಳಸಾಕ ಹೋಗಿ ಸೀರಿ ಕೊಟ್ಟ ಬಂದ್ರಿ. ಇನ್ನೂ ನಾಕ ಫೋನ್ ಉಳಸ್ರಿ, ಮಗ್ಗಾನೂ ಕೊಟ್ಟ ಬರೂಣಂತ.”

ಅಕಿವಾಟದ ಸಂಸಾರ ಅಲ್ಲಿಗೆ ವಿಸರ್ಜನೆಯಾಯಿತು. ಕಾಕಾ ಎರಡನೆಯ ಉಪಾಯಕ್ಕೆ ಕೈಹಾಕಿದರು.

ಮಾತು ಸರಿಯಾಗಿ ಕೇಳಿಸದಿದ್ದರೆ ಆ ಕರೆಗೆ ದುಡ್ಡು ಹಿಡಿಯುವುದಿಲ್ಲ ಎಂಬುದು ನಿಯಮ. ಗಿರಾಕಿ ಕೇಳಿಸಲಿಲ್ಲ ಎಂದರೆ ಕೇಳಿಸಲಿಲ್ಲ. ಅವನು ಸುಳ್ಳು ಹೇಳುತ್ತಿದ್ದಾನೆ ಎನ್ನುವ ಅಧಿಕಾರ ತಂತಿ ಜೋಡಿಸುವವರಿಗೆ ಇರಲಿಲ್ಲ. ಇದನ್ನು ಕಾಕಾ ಪತ್ತೆಹಚ್ಚಿದರು. ಆದರೆ ತೊಡಕೊಂದಿತ್ತು. ಕೊರಳಲ್ಲಿ ಲಿಂಗವಿದೆ. ಲಿಂಗ ಕಟ್ಟಿಕೊಂಡು ಬಾಯಿಬಿಟ್ಟು ಸುಳ್ಳು ಹೇಳುವುದು ಹೇಗೆ?

ಕಾಕಾ ಈ ತೊಡಕನ್ನೂ ಬಿಡಿಸಿದರು. ಅಣ್ಣನ ಮಾತನ್ನು ಬಲಗಿವಿಯಲ್ಲಿ ಪೂರ್ತಿ ಕೇಳಿಸಿಕೊಳ್ಳುವುದು. ಕೆಲಸ ಮುಗಿದೊಡನೆ ಫೋನನ್ನು ಎಡಗಿವಿಗೆ ಬದಲಿಸುವುದು. ಆ ಕಿವಿಯಲ್ಲಿ ಮೊದಲೇ ಅರಳೆ ತುರುಕಿರುತ್ತಿತ್ತು. ನೂಲಿನ ವ್ಯಾಪಾರಿಗೆ ಅರಳೆಯ ಬರವೇ? ಆಮೇಲೆ ಟ್ರಂಕಿನ ಬಾಯಿಗೆ ತಮ್ಮ ಕಡೆಯ ಮರಾಠಿಯಲ್ಲಿ ಕೂಗಿ ಹೇಳುವುದು: “ಬಾಯಿ, ಈ ಕಿವೀಗೆ ಏನಂದ್ರ ಏನೂ ಕೇಳಸವಲ್ದ್ರಿ!”

ನೋಡಿ, ಇದರಲ್ಲಿ ಸುಳ್ಳು ಎಲ್ಲಿದೆ? ನಿಜವಾಗಿಯೂ ಕೇಳಿಸುತ್ತಿರಲಿಲ್ಲ!

ಅನುಮಾನವೇ ಬರದಿರಲೆಂದು ಮಗ್ಗಗಳನ್ನೂ ಸೇರಿಸಿಕೊಂಡರು. ಫೋನಿನ ಗೋಡೆಯಾಚೆಗೇ ಮಗ್ಗದ ಶೆಡ್ಡು. ಕರೆ ಬಂದಾಗ ಮಗ್ಗ ನಿಲ್ಲಿಸುವುದು, ಕಾಕಾ ಕಿವಿ ಬದಲಿಸಿ ಕೈ ಎತ್ತಿದೊಡನೆ ಎಲ್ಲ ಮಗ್ಗ ಒಟ್ಟಿಗೆ ಚಾಲೂ ಮಾಡುವುದು. ಇದು ಮಗ್ಗ ನೋಡಿಕೊಳ್ಳುವ ಜಾಬರನ ಕೆಲಸ. ಖಟಾಖಟ್ ಖಟಾಖಟ್ ಎಂದು ಗೋಡೆ ನಡುಗುತ್ತಿತ್ತು. ಅತ್ತ ಕೊಲ್ಹಾಪುರದಲ್ಲಿ ಬಾಯಿ, “ಹೋ ಶೇಟ್, ಲಾಯಿನ್ ಖರಾಬ್ ಆಹೇ” ಎಂದು ಕರೆಯನ್ನು ಮಾಫ್ ಮಾಡುತ್ತಿದ್ದಳು.

ಒಂದು ದಿನ ಊರಿಗೆಲ್ಲ ಕರೆಂಟು ಹೋಗಿತ್ತು. ಕಾಕಾ ಕೈ ಎತ್ತಿದರು. ಮಗ್ಗಗಳು ಸುಮ್ಮನೆ ನಿಂತಿದ್ದವು. ಜಾಬರ ಬಾಗಿಲಲ್ಲಿ ನಿಂತು ಕೈ ಚೆಲ್ಲಿದ. ಏನು ಮಾಡುವುದು? ಕಾಕಾ ಫೋನಿನ ಪಕ್ಕಕ್ಕೆ ಮುಖ ತಿರುಗಿಸಿ ತಾವೇ ಬಾಯಲ್ಲಿ “ಖಟಾಖಟ್ ಖಟಾಖಟ್” ಎನ್ನತೊಡಗಿದರು. ನಡುವೆ ಉಸಿರು ಸಿಕ್ಕಾಗ, “ಕೇಳಸವಲ್ದ್ರಿ!” ಮತ್ತೆ “ಖಟಾಖಟ್!”

ಬಾಯಿ ಸಾವಕಾಶವಾಗಿ ಮರಾಠಿಯಲ್ಲಿ ಕೇಳಿದಳು: ಶೇಟ್, ನಿಮ್ಮೂರಲ್ಲಿ ಇವತ್ತು ಕರೆಂಟಿಲ್ಲವೆಂದು ಮುಂಜಾನೆಯಿಂದ ಎಲ್ಲರೂ ಹೇಳುತ್ತಿದ್ದಾರೆ. ನಿಮ್ಮ ಮಗ್ಗವೊಂದು ಹೇಗೆ ನಡೆದಿದೆ?

ಕಾಕಾ ತಡವರಿಸಲಿಲ್ಲ. “ಮ್ಹೈಸ್ ಜೋಡಲೀ ಆಹೇ, ಬಾಯಿ!”

ಎಮ್ಮೆ ಕಟ್ಟಿದ್ದಾರಂತೆ! ಆ ಕಡೆ ನಗು ತಡೆದ ಸದ್ದು. ಕರೆ ಮಾಫ್.

ಕಾಕಾ ಇದನ್ನು ಊಟಕ್ಕೆ ಕೂತಾಗ ಹೇಳಿ ಹೇಳಿ ನಕ್ಕರು. ಕಾಕಿ ನಗಲಿಲ್ಲ. ರೊಟ್ಟಿ ತಟ್ಟುತ್ತ, “ಸುಳ್ಳು ಸುಳ್ಳ ಅಲ್ಲೇನ್ರಿ?” ಎಂದರು.

“ಮನಶ್ಯಾಗ ಹೇಳಿದರ ಸುಳ್ಳು. ತಂತೀಗೆ ಹೇಳಿದರ ಹೆಂಗ ಸುಳ್ಳಾಕ್ಕೈತಿ? ತಂತೀಗೆ ಮನಸೈತೇನು? ಹೊಟ್ಟಿ ಐತೇನು?”

“ತಂತೀ ಆ ತುದೀಗೆ ಯಾರೂ ಕುಂತಿಲ್ಲೇನು?”

“ಕುಂತಾರ. ಅವರ ಗಂಟಿನಿಂದ ರೊಕ್ಕ ಹೊಕ್ಕೈತೇನು? ಸರ್ಕಾರದ್ದು.”

“ಸರ್ಕಾರಕ್ಕ ಹೇಳಿದರ ಪಾಪ ಇಲ್ಲಂತ ಯಾವ ಸ್ವಾಮಿಗಳು ಹೇಳ್ಯಾರ?”

“ನೀ ಚಟ್ನಿ ನೀಡು.”

ಕಾಕಾರ ನೀತಿಶಾಸ್ತ್ರ ಯಾವಾಗಲೂ ಚಟ್ನಿಯಲ್ಲಿ ಮುಗಿಯುತ್ತಿತ್ತು.

ಇಷ್ಟರಲ್ಲಿ ಕಾಕಾರಿಗೂ ಬಾಯಿಗೂ ಒಂದು ಬಗೆಯ ಬಳಕೆ ಬೆಳೆದಿತ್ತು. ಲೈನು ಸಿಗುವುದು ತಡವಾದಾಗ ಕಾಕಾ, “ಬಾಯಿ, ಜೇವಣ್ ಝಾಲಂ ಕಾ?” ಎಂದು ಊಟ ವಿಚಾರಿಸುತ್ತಿದ್ದರು. ಬಾಯಿ ಕೆಮ್ಮಿದರೆ ಶುಂಠಿ ಕಷಾಯ ಹೇಳುತ್ತಿದ್ದರು. ಬೇರೆ ಪಾಳಿಯಲ್ಲೊಬ್ಬಳು ಇದ್ದಳು, “ಕೇಳಿಸಲಿಲ್ಲವೇ? ಮತ್ತೊಮ್ಮೆ ಹೇಳಿ, ನಾನೂ ಕೇಳುತ್ತೇನೆ” ಎನ್ನುವವಳು. ಅಂಥವಳ ಬಳಿ ಕಾಕಾ ತುಟಿಪಿಟಕ್ಕೆನ್ನದೆ ದುಡ್ಡು ತೆರುತ್ತಿದ್ದರು. ಆದ್ದರಿಂದ ಕೇಳಿಸದಿರುವ ಕರೆಗಳನ್ನೆಲ್ಲ ಅವರು ನಮ್ಮ ಬಾಯಿಯ ಪಾಳಿ ನೋಡಿಯೇ ಮಾಡುತ್ತಿದ್ದರು. “ಭಾಳ ಮಾಯಾಳು, ಅಂತಃಕರಣದ ಹೆಣ್ಣುಮಗಳು” ಎನ್ನುತ್ತಿದ್ದರು.

ಆ ಅಂತಃಕರಣವೇ ಅವಳಿಗೆ ಮುಳುವಾಯಿತು.

ಒಂದು ದಿನ ನಾನು ಪತ್ರಿಕೆಯ ಕೆಲಸಕ್ಕೆ ಗಡಹಿಂಗ್ಲಜದ ಕರೆ ಬುಕ್ ಮಾಡಿದಾಗ, ನನಗೂ ಪರಿಚಿತವಾಗಿದ್ದ ಅವಳ ದನಿಯಿರಲಿಲ್ಲ. ಎಲ್ಲಿ ಎಂದು ಕೇಳಿದೆ. ಅವಳನ್ನು ತಂತಿ ಜೋಡಿಸುವ ಬೋರ್ಡಿನಿಂದ ಎಬ್ಬಿಸಿದ್ದಾರೆ ಎಂದಳು ಇನ್ನೊಬ್ಬಳು. ಇಚಲಕರಂಜಿಯ ಒಂದು ಫೋನಿನಿಂದ ಕೇಳಿಸುವುದಿಲ್ಲವೆಂಬ ದೂರುಗಳು ಬಂದದ್ದೆಲ್ಲ ಅವಳ ಪಾಳಿಯಲ್ಲಿ. ಅದೇ ಫೋನು ಬೇರೆಯವರ ಪಾಳಿಯಲ್ಲಿ ಸ್ವಚ್ಛವಾಗಿ ಕೇಳಿಸುತ್ತದೆ. ಹಾಗಿದ್ದ ಮೇಲೆ ದೋಷ ತಂತಿಯದಲ್ಲ. ಅವಳ ಕಿವಿಯೇ ಮಂದವಿರಬೇಕು, ಜೋಡಿಸುವಾಗ ಲೈನು ಪರೀಕ್ಷಿಸುವುದಿಲ್ಲ ಎಂದು ಸಾಹೇಬರು ತೀರ್ಮಾನಕ್ಕೆ ಬಂದಿದ್ದಾರೆ. ಕಿವಿ ಮಂದವಿದ್ದವಳನ್ನು ಕಾಯಂ ಮಾಡುವುದುಂಟೇ? ಈ ವಾರದಲ್ಲಿ ಮನೆಗೆ ಕಳಿಸುತ್ತಾರೆ.

ನಾನು ಸಂಜೆಯ ಬಸ್ಸಿಗೆ ಇಚಲಕರಂಜಿಗೆ ಹೋದೆ. ಕಾಕಾ ಮಗ್ಗದ ಶೆಡ್ಡಿನ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದರು. ನಡೆದದ್ದನ್ನು ನಡೆದಂತೆ ಹೇಳಿದೆ. ಕಪ್ಪಿನಿಂದ ಬಸಿಗೆ ಸುರಿದುಕೊಂಡ ಚಹಾ ಬಸಿಯಲ್ಲೇ ಉಳಿಯಿತು.

“ಆಕೀ ಕಿವಿ ಮಂದ ಅಂತ ಅಂದರೇನು?” ಎಂದರು.

“ಹೌದ್ರಿ ಕಾಕಾ.”

“ಲೇ, ಆಕೀಗೆ ನಮ್ಮ ಎಮ್ಮೀ ಕೊರಳಗಂಟಿ ಸೈತ ಕೇಳಸ್ತಿತ್ತಲ್ಲೋ!”

ಕಾಕಿ ಒಳಗಿನಿಂದ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಕಾಕಾ ಬಸಿ ಕೆಳಗಿಟ್ಟು ಅವರ ಕಡೆ ತಿರುಗಿದರು.

“ನೀ ಬೈ. ಸುಮ್ಮ ನಿಂದರಬ್ಯಾಡ” ಎಂದರು.

“ನಾ ಯಾಕ ಬೈಲಿ? ನಾಳೆ ಸೋಮವಾರ, ಉಪಾಸ. ಲಿಂಗಪೂಜಿ ಮಾಡ್ಕೊಂಡು ಹೋಗಿ ಖರೇ ಹೇಳಿ ಬರ್ರಿ.”

ಹೀಗೆ ಕಾಕಾ ನನ್ನ ಜೊತೆ ಕೊಲ್ಹಾಪುರಕ್ಕೆ ಬಂದರು. ಸ್ವಚ್ಛ ಧೋತರ, ಕರಿಟೋಪಿ, ಎರಡೂ ಕಿವಿಯಲ್ಲಿ ಅರಳೆಯಿಲ್ಲ. ಟ್ರಂಕ್ ಕಚೇರಿಯ ಮೊಗಸಾಲೆಯಲ್ಲಿ ಬೆಂಚಿನ ಮೇಲೆ ಒಬ್ಬ ಸಣ್ಣಗಿನ ಹುಡುಗಿ ಸೆರಗು ಹೊದ್ದು ಕುಳಿತಿದ್ದಳು. ಕಾಕಾ ಅವಳ ಮುಂದೆಯೇ ಹಾದುಹೋದರು. ಮಾತಾಡದವಳನ್ನು ಅವರು ಗುರುತಿಸುವುದಾದರೂ ಹೇಗೆ?

ಸಾಹೇಬರು ಒಳ್ಳೆಯ ಮನುಷ್ಯ. ಕುರ್ಚಿ ಕೊಟ್ಟರು. ಕಾಕಾ ಕುಳಿತುಕೊಳ್ಳದೆ ಶುರುಮಾಡಿದರು. ತಮ್ಮ ಕಡೆಯ ಮರಾಠಿಯಲ್ಲಿ ಎಲ್ಲ ಹೇಳಿದರು. ಬಲಗಿವಿ, ಎಡಗಿವಿ, ಅರಳೆ, ಮಗ್ಗ, ಎಮ್ಮೆ. ಉಳಿಸಿದ್ದನ್ನೆಲ್ಲ ಕಟ್ಟುತ್ತೇನೆ ಎಂದರು. ಸಾಹೇಬರು ಕೊನೆಯವರೆಗೆ ಕೇಳಿ, ಕನ್ನಡಕ ತೆಗೆದು ಒರೆಸಿದರು.

“ಶೇಟ್, ನಿಮ್ಮದು ದೊಡ್ಡ ಮನಸ್ಸು.”

“ಮನಸಿನ ಮಾತಲ್ರಿ ಸಾಹೇಬ. ನಾ ಸುಳ್ಳ ಹೇಳೇನಿ.”

“ಗೊತ್ತಾಯಿತು. ಈಗ ಹೇಳುತ್ತಿರುವುದೇ ಸುಳ್ಳು. ಈ ಕುರ್ಚಿಯಲ್ಲಿ ಕೂತು ನನ್ನ ತಲೆ ನೆರೆಯಿತು. ಕೇಳಿಸಲಿಲ್ಲ ಎಂದು ಜಗಳಕ್ಕೆ ಬಂದವರನ್ನು ಕಂಡಿದ್ದೇನೆ. ಕೇಳಿಸಿತು, ದುಡ್ಡು ತಗೊಳ್ಳಿ ಎಂದು ಬಂದವರು ಒಬ್ಬರಿಲ್ಲ. ಬಡ ಹುಡುಗಿಯ ನೌಕರಿ ಉಳಿಯಲಿ ಎಂದು ನಿಮ್ಮಂಥ ಹಿರಿಯರು ಸುಳ್ಳು ಹೇಳಬಾರದು. ಮಾಫ್ ಮಾಡಿದ್ದನ್ನು ಹಿಂದಕ್ಕೆ ತಗೊಳ್ಳುವ ದಾರಿಯೂ ನಮ್ಮಲ್ಲಿಲ್ಲ.”

ಕಾಕಾ ನನ್ನ ಕಡೆ ನೋಡಿದರು. ಜೀವನದಲ್ಲಿ ಅಷ್ಟು ಅಸಹಾಯಕರಾಗಿ ಅವರು ನೋಡಿದ್ದನ್ನು ನಾನು ಕಂಡಿರಲಿಲ್ಲ. ಸಾಹೇಬರು ಎದ್ದು ಕಿಟಕಿಯ ಕಡೆ ಹೋಗುತ್ತ ತಮ್ಮಷ್ಟಕ್ಕೇ ಎಂಬಂತೆ ಹೇಳಿದರು: “ತಂತಿ ಸರಿಯಿದೆ. ಕೆಟ್ಟದ್ದು ಒಂದೋ ಅವಳ ಕಿವಿ, ಇಲ್ಲವೇ ನಿಮ್ಮ ಕಿವಿ. ಮಗ್ಗದ ಸದ್ದಿನಲ್ಲಿ ಬದುಕುವವರು ನೀವು. ಗದರುವವರ ಪಾಳಿಯಲ್ಲಿ ದೂರು ಹೇಳಲು ಅಂಜಿದ್ದರೂ ಅಂಜಿರಬಹುದು...”

ಕಾಕಾ ಆಗ ಕುರ್ಚಿಯಲ್ಲಿ ಕುಳಿತರು.

ಸಾಹೇಬರು ಅವರ ಬೆನ್ನ ಹಿಂದೆ, ಕಿಟಕಿಯ ಬಳಿ ನಿಂತು, ಸಾದಾ ದನಿಯಲ್ಲಿ ಕೇಳಿದರು: “ಶೇಟ್, ಚಹಾ ಘೇಣಾರ್ ಕಾ?”

ಬೆಳಗಿನಿಂದ ಹೊಟ್ಟೆಗೆ ಏನೂ ಇಲ್ಲ. ಉಪವಾಸಕ್ಕೆ ನಡೆಯುವುದು ಚಹಾ ಒಂದೇ. ಚಹಾ ಎಂದರೆ ಕಾಕಾ ನಿದ್ದೆಯಿಂದ ಎದ್ದು ಕೂರುವವರು. ಅವರು ಎದುರಿನ ಗೋಡೆಯ ಕ್ಯಾಲೆಂಡರನ್ನು ನೋಡುತ್ತ ಕುಳಿತೇ ಇದ್ದರು.

ಸಾಹೇಬರು ಇನ್ನಷ್ಟು ಗಟ್ಟಿಯಾಗಿ ಕೇಳಿದರು: “ಸಾಖರ್ ಕಿತೀ?”

ಕಾಕಾ ಕ್ಯಾಲೆಂಡರಿನಿಂದ ಕಣ್ಣು ಕೀಳಲಿಲ್ಲ.

ಸಾಹೇಬರು ಮುಂದೆ ಬಂದು, ಬಾಗಿ, ಕಿವಿಯ ಹತ್ತಿರ ಕೂಗಿದರು: “ಶೇಟ್! ನಿಮಗೆ ಕಿವಿ ಕೇಳುವುದಿಲ್ಲ, ಅಲ್ಲವೇ?”

ಕಾಕಾರ ಕೈ ಎದೆಯ ಮೇಲೆ ಅಂಗಿಯೊಳಗಿದ್ದ ಲಿಂಗದ ಕಾಯಿಯ ಹತ್ತಿರ ಹೋಗಿ ನಿಂತಿತು. “ಹೌದ್ರಿ” ಎಂದರು.

ನನಗೆ ತಿಳಿದಮಟ್ಟಿಗೆ, ಎದುರಿಗಿದ್ದ ಮನುಷ್ಯನಿಗೆ ಕಾಕಾ ಹೇಳಿದ ಮೊದಲ ಸುಳ್ಳು ಅದು. ಈ ಸಲ ತಂತಿ ಇರಲಿಲ್ಲ.

ದೋಷ ಗಿರಾಕಿಯ ಕಿವಿಯದೆಂದು ಸಾಹೇಬರು ಒಪ್ಪಿದರು. ಹುಡುಗಿಯನ್ನು ನಾಳೆಯಿಂದಲೇ ಬೋರ್ಡಿಗೆ ಕೂರಿಸುವುದಾಗಿಯೂ, ಮುಂದೆ ದೂರು ಬರದಿದ್ದರೆ ಕಾಯಂ ಮಾಡಲು ಅಡ್ಡಿಯಿಲ್ಲವೆಂದೂ ನನಗೆ ಹೇಳಿದರು. ಕಾಕಾರಿಗೆ ಹೇಳಿ ಪ್ರಯೋಜನವಿರಲಿಲ್ಲವಲ್ಲ!

ಮೊಗಸಾಲೆಗೆ ಬಂದೊಡನೆ ಕಾಕಾ ನನ್ನ ತೋಳು ಹಿಡಿದರು. “ಲೇ, ಚಹಾ ಕುಡೀತೀರೇನು ಅಂದ್ನಲ್ಲೋ. ಸಕ್ಕರೀ ಎಷ್ಟಂತನೂ ಕೇಳಿದ. ಜೀವ ಬಾಯಿಗೆ ಬಂದಿತ್ತು. ನಡಿ ನಡಿ, ಮೊದಲ ಚಹಾ ಕುಡ್ಯೂಣು!”

ಬೆಂಚಿನ ಮೇಲಿದ್ದ ಹುಡುಗಿ ಎದ್ದು ನಿಂತಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಅಚ್ಚ ಕನ್ನಡದಲ್ಲಿ ಹೇಳಿದಳು:

“ಕಾಕಾ, ಸಾವಕಾಶ ಮಾತಾಡ್ರಿ. ನೀವೀಗ ಕಿವುಡರದೀರಿ.”

ಕಾಕಾ ಕಂಬವಾದರು. ಆ ದನಿ!

“ನಿನಗ... ಕನ್ನಡ ಬರ್ತೈತೇನವಾ?”

“ನಮ್ಮವ್ವ ಶಿರೋಳದಾಕಿರಿ. ಮನ್ಯಾಗ ಕನ್ನಡಾನ ಮಾತಾಡ್ತೇವಿ.”

ಅಂದರೆ ಅಣ್ಣತಮ್ಮಂದಿರು, “ಟ್ರಂಕಿನವರು ಮರಾಠಿ ಮಂದಿ, ನೀ ಹೇಳಣ್ಣಾ” ಎಂದು ಧೈರ್ಯವಾಗಿ ಕನ್ನಡದಲ್ಲಿ ಆಡಿದ ಪಿತೂರಿಯೆಲ್ಲ ಅವಳಿಗೆ ಅಕ್ಷರಕ್ಷರ ತಿಳಿದಿತ್ತು. ‘ಇನ್ನ ಕಿವಿ ಬದಲಸ್ತೇನಿ, ಮಗ್ಗ ಬಿಡಸ್ತೇನಿ’ ಎಂದದ್ದು ಸಹ!

“ಮತ್ತ ಯಾಕ ಸುಮ್ಮಿದ್ದೀ?”

“ಗಿರಾಕಿಗೆ ಸುಳ್ಳ ಹೇಳ್ತೀರಿ ಅಂತ ಅನ್ನೂಹಂಗಿಲ್ರಿ ಕಾಕಾ. ಮತ್ತ...” ಅವಳು ನೆಲ ನೋಡಿದಳು. “ದಿನಾ ಬಾಯಿಗೆ ಬಂದಂಗ ಬೈಯ್ಯೂ ಮಂದೀ ನಡುವ ಊಟ ಆತೇನು ಅನ್ನಾವರು ನೀವೊಬ್ಬರ ಇದ್ರಿ.”

ಆ ದಿನ ಕಾಕಾ ಚಹಾ ಕುಡಿಯಲಿಲ್ಲ. ಅಂಗಡಿಯ ತನಕ ಹೋದರು, ಕಪ್ಪು ಮುಂದೆ ಬಂತು, ಹಾಗೇ ಬಿಟ್ಟು ಎದ್ದರು.

ಸುಳ್ಳು ಹೇಳುವುದು ಸುಲಭ, ಹೇಳಿದ ಸುಳ್ಳಿನಂತೆ ಬಾಳುವುದು ಎಂಥ ಕಷ್ಟ ಎಂದು ಕಾಕಾ ಅರಿತದ್ದು ಊರಿಗೆ ಮರಳಿದ ಮೇಲೆ. ಬಾಯಿ ಕಾಯಂ ಆಗುವವರೆಗೆ ಅವರಿಗೆ ಕಿವಿ ಕೇಳಿಸುತ್ತದೆಂದು ಯಾರಿಗೂ ಗೊತ್ತಾಗಬಾರದು. ಟೆಲಿಫೋನಿನ ಲೈನ್‌ಮನ್ ಬಂದು, ಕಿವುಡ ಗಿರಾಕಿಗೆಂದು ದೊಡ್ಡ ಗಂಟೆ ಹಾಕಿಹೋದ. ಅದು ಮೊಳಗಿದರೆ ಮೂರು ಮನೆಯಾಚೆಯ ಕೂಸು ಎದ್ದು ಅಳುತ್ತಿತ್ತು. ಲೈನ್‌ಮನ್ನನ ಬಾಯಿಂದ ಸುದ್ದಿ ಪೇಟೆಗೆ ಹರಡಿತು. ನೇಕಾರರು ಕಿರುಚಿ ಕಿರುಚಿ ನೂಲು ಕೊಂಡರು. ಮಠದ ಸ್ವಾಮಿಗಳು ಪಾದಪೂಜೆಗೆ ಬಂದಾಗ ಆಶೀರ್ವಾದವನ್ನೂ ಕೂಗಿಯೇ ಕೊಟ್ಟರು. ಕಾಕಾ ಎಲ್ಲರಿಗೂ, “ಆಂ? ಆಂ?” ಎಂದರು. ಟ್ರಂಕ್ ಕರೆಗೆ ಪೂರ್ತಿ ದುಡ್ಡು ತೆತ್ತು, ಅಣ್ಣನಿಗೂ “ಆಂ?” ಎಂದರು. ಅಪ್ಪ ಒಮ್ಮೆ ಬೇಸತ್ತು, “ಖರೇನ ಕಿವುಡಾಗೀಯೇನೋ?” ಎಂದು ಗದರಿದ್ದುಂಟು.

ಕಾಕಿಗೆ ಮಾತ್ರ ಹಬ್ಬ. ಮದುವೆಯಾದಂದಿನಿಂದ ಒಳಗಿಟ್ಟುಕೊಂಡದ್ದನ್ನೆಲ್ಲ ಜಾಬರನ ಎದುರಿಗೇ ಹೇಳತೊಡಗಿದರು. ಕಾಕಾ ಉತ್ತರ ಕೊಡುವಂತಿರಲಿಲ್ಲ!

ಒಮ್ಮೆ ಇಬ್ಬರು ನೂಲಿನ ದಲಾಲರು ಬಂದರು. ಕಾಕಾ ಕಿವುಡರೆಂಬ ಧೈರ್ಯದಿಂದ, ಅವರೆದುರಿಗೇ ಕುಳಿತು, ಎಲ್ಲಿಯ ತನಕ ದರ ಏರಿಸಬಹುದು, ಎಲ್ಲಿ ಬಿಡಬೇಕು ಎಂದು ಪಿಸುಮಾತಿನಲ್ಲಿ ಚರ್ಚಿಸತೊಡಗಿದರು. ಬೇರೆ ಯಾವ ವ್ಯಾಪಾರಿಗೆ ಇಂಥ ಅದೃಷ್ಟ? ಕಾಕಾ ಥಟ್ಟನೆ ಎದ್ದು ನಿಂತರು. “ನಾ ಸ್ವಲ್ಪ ಹಿತ್ತಲಕ್ಕ ಹೋಗಿ ಬರ್ತೇನಿ” ಎಂದು ಹೊರಗೆ ನಡೆದರು. ಅವರ ಮಾತು ಮುಗಿಯುವ ತನಕ ಬಾವಿಯ ಕಟ್ಟೆಯ ಮೇಲೆ ಕುಳಿತಿದ್ದರು. ಒಳಗೆ ಬಂದು ಅವರು ಹೇಳಿದ ದರಕ್ಕೇ ಕೊಂಡರು.

“ಕೇಳಸ್ಕೊಂಡಿದ್ದರ ಏನಾಗ್ತಿತ್ತು?” ಎಂದು ನಾನು ಆಮೇಲೆ ಕೇಳಿದೆ.

“ಅದು ಕಳವು ಆಕ್ಕಿತ್ತಪಾ.”

“ಮತ್ತ ಫೋನಿಂದು?”

ಕಾಕಾ ಎದ್ದು ಫೋನಿನ ಕಸೂತಿಯ ಹೊದಿಕೆ ಸರಿಮಾಡಿದರು. “ಅದೂ ಕಳವ” ಎಂದರು. ಆ ದಿನ ಚಟ್ನಿ ಕೇಳಲಿಲ್ಲ.

೧೯೬೫ರ ಕಾರ್ತಿಕ. ನಾನು ರಜೆಯ ಮೇಲೆ ಇಚಲಕರಂಜಿಯಲ್ಲಿದ್ದೆ. ಮಧ್ಯಾಹ್ನ. ಗೋಡೆಯಾಚೆ ಎಲ್ಲ ಮಗ್ಗಗಳೂ ನಡೆದಿದ್ದವು. ಕಾಕಾ ಪಡಸಾಲೆಯಲ್ಲಿ ಬಾಗಿಲಿಗೆ ಬೆನ್ನು ಮಾಡಿ ಕುಳಿತು ಲಡಿ ಬಿಡಿಸುತ್ತಿದ್ದರು. ಹೊಸ್ತಿಲಲ್ಲಿ ಯಾರೋ ನಿಂತಂತಾಯಿತು. ಟ್ರಂಕಿನ ಬಾಯಿ, ಪಕ್ಕದಲ್ಲಿ ಅವಳ ತಾಯಿ, ಕೈಯಲ್ಲಿ ಪೇಢೆಯ ಪೊಟ್ಟಣ.

ಹುಡುಗಿ ಒಳಗೆ ಬರಲಿಲ್ಲ. ಹೊಸ್ತಿಲ ಆಚೆಗೇ ನಿಂತು, ಮಗ್ಗದ ಆ ಸದ್ದಿನಲ್ಲಿ, ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಿಸದಷ್ಟು ಸಣ್ಣ ದನಿಯಲ್ಲಿ ಹೇಳಿದಳು:

“ಕಾಕಾ, ಕಾಯಂ ಆತ್ರಿ.”

ಹೊಸ್ತಿಲಿಗೆ ಬಂದಿದ್ದ ಕಾಕಿ, ಬಿದ್ದಿದ್ದ ರೂಢಿಯಂತೆ, ಅದನ್ನು ಗಂಡನ ಕಿವಿಗೆ ಕೂಗಿ ಹೇಳಲೆಂದು ಅವರ ಬಳಿ ಬಾಗಿದರು. ಕಾಕಾ ಕೈ ಅಡ್ಡ ಮಾಡಿದರು. ಲಡಿ ಅವರ ಮಡಿಲಲ್ಲಿ ಸಿಕ್ಕುಗಟ್ಟಿತ್ತು. ತಿರುಗಿ ನೋಡಲಿಲ್ಲ. ನೋಡಲು ಅವರಿಂದ ಆಗುತ್ತಿರಲಿಲ್ಲ. ಟೋಪಿ ತೆಗೆದು ಮುಖ ಒರೆಸಿಕೊಂಡರು.

“ಕೇಳಿಸ್ತವಾ,” ಎಂದರು. “ಕೇಳಿಸ್ತು. ಒಳಗ ಬಾ.”

ಬಾಯಿ ಈಗಲೂ ಕೊಲ್ಹಾಪುರದ ಕಚೇರಿಯಲ್ಲಿ ಮುಂಜಾನೆಯ ಪಾಳಿಯಲ್ಲಿದ್ದಾಳೆ. ಕಾಕಾ ಸೋಮವಾರಕ್ಕೊಮ್ಮೆ ಗಡಹಿಂಗ್ಲಜಕ್ಕೆ ಕರೆ ಮಾಡುತ್ತಾರೆ. ಕರೆ ಮುಗಿದ ಮೇಲೆ, “ಛಲೋ ಕೇಳಸ್ತವಾ” ಎಂದು ಅವಳಿಗೆ ಹೇಳಿ ಫೋನು ಇಡುತ್ತಾರೆ.